ಏಪ್ರನ್ ಹಾಕಿದವರಿಗೆ ಚೀಟಿ ಯಾಕೆ?

ಯಾವ ಮೆಡಿಕಲ್ ಕಾಲೇಜಿನ ಬ್ಯಾಚ್ ವಾಟ್ಸಾಪ್ ಗ್ರೂಪ್ ತೆಗೆದರೂ ರಾತ್ರಿ ಹತ್ತರ ಮೇಲೆ ಇಂಥದ್ದೊಂದು ಮೆಸೇಜ್ ಸಿಗುತ್ತದೆ: "ಯಾರ ಹತ್ರನಾದ್ರೂ ಪ್ಯಾನ್ ಇದ್ಯಾ?" ತೆರಿಗೆಯವರ ಪ್ಯಾನ್ ಅಲ್ಲ, ಎದೆಯುರಿಗೆ ನುಂಗುವ ಪ್ಯಾಂಟೊಪ್ರಜೋಲ್. ಎರಡು ನಿಮಿಷದಲ್ಲಿ ಉತ್ತರವೂ ಬರುತ್ತದೆ: "ರೂಮಿಗೆ ಬಾ. ಗಂಟಲು ನೋವಿದ್ರೆ ಅಜಿತ್ರೋನೂ ಇದೆ." ಅಜಿತ್ರೋ ಅಂದರೆ ಅಜಿತ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್. ಕೇಳಿದವರಿಗೆ ಏನಾಗಿದೆ, ಎಷ್ಟು ದಿನದಿಂದ ಆಗಿದೆ ಅಂತ ಯಾರೂ ವಿಚಾರಿಸುವುದಿಲ್ಲ. ಮೆಸ್ ಊಟ ತಿನ್ನುವವರಿಗೆ ಎದೆಯುರಿ ಬಂದರೆ ವಿಚಾರಿಸುವುದಾದರೂ ಏನು?

ಡಾಕ್ಟರನ್ನು ಕಾಣದೆ ತಮಗೆ ತಾವೇ ಮದ್ದು ತೆಗೆದುಕೊಳ್ಳುವುದು ಎಲ್ಲರ ಮನೆಯಲ್ಲೂ ಇದೆ. ಆದರೆ ಮುಂದೆ ಡಾಕ್ಟರ್ ಆಗುವವರಲ್ಲೇ ಇದು ಭಾರಿ ಜಾಸ್ತಿ. ಮಂಗಳೂರು ಭಾಗದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 200 ವೈದ್ಯ ವಿದ್ಯಾರ್ಥಿಗಳ ಪೈಕಿ ಶೇ. 92 ಜನ ಹೀಗೆ ಮಾತ್ರೆ ತೆಗೆದುಕೊಂಡಿದ್ದೇವೆ ಅಂದರು. ಮರುವರ್ಷ ಅದೇ ಕರಾವಳಿಯಿಂದ ಬಂದ ಇನ್ನೊಂದು ಅಧ್ಯಯನದಲ್ಲಿ 440 ವಿದ್ಯಾರ್ಥಿಗಳಿದ್ದರು. ಅಲ್ಲಿ ಸಿಕ್ಕ ಅಂಕಿ ಶೇ. 78.6. ಎಷ್ಟು ತಿಂಗಳ ಲೆಕ್ಕ ಕೇಳಿದರು, ವಿಟಮಿನ್ ಮಾತ್ರೆಯನ್ನೂ ಸೇರಿಸಿದರಾ ಅನ್ನುವುದರ ಮೇಲೆ ಇಂಥ ಅಂಕಿಗಳು ಏರಿಳಿಯುತ್ತವೆ. ಹಾಗಾಗಿ 92 ಸರಿಯೋ 78 ಸರಿಯೋ ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. ಎರಡನೇ ಅಧ್ಯಯನದಲ್ಲಿ ಹೆಚ್ಚಿನವರು ಕೊಟ್ಟ ಕಾರಣ ನೋಡಿ: "ಡಾಕ್ಟರ್ ಹತ್ತಿರ ಹೋಗುವಷ್ಟು ದೊಡ್ಡ ಕಾಯಿಲೆ ಅಲ್ಲ." ಹಾಗೆ ಹೇಳಿದವರು ಶೇ. 70.5.

ಆ ಕಾರಣವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ನೆಗಡಿ ಜ್ವರಕ್ಕೆ ಎರಡು ದಿನ ಪ್ಯಾರಾಸಿಟಮಾಲ್ ನುಂಗಿ ಮಲಗುವುದು, ಹೊಟ್ಟೆ ಕೆಟ್ಟಾಗ ಓಆರ್‌ಎಸ್ ಕಲಸಿ ಕುಡಿಯುವುದು ತಪ್ಪಲ್ಲ. ನೆಗಡಿಯಾದವರೆಲ್ಲ ಒಪಿಡಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ, ಬಂದರೆ ಆಸ್ಪತ್ರೆಯೇ ನಡೆಯುವುದಿಲ್ಲ. ತೊಂದರೆ ಏನೆಂದರೆ, ಹಾಸ್ಟೆಲಿನ ಮದ್ದಿನ ಡಬ್ಬಿಯಲ್ಲಿ ಇರುವುದು ಇವೆರಡೇ ಅಲ್ಲ.

ಆ ಡಬ್ಬಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದೀಪಾವಳಿಗೆ ಯಾರೋ ತಂದ ಸ್ವೀಟ್ ಬಾಕ್ಸ್ ಅದು. ಒಳಗೆ ಕತ್ತರಿಸಿದ ಸ್ಟ್ರಿಪ್‌ಗಳು. ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ನಾಲ್ಕನ್ನು ಕತ್ತರಿಸಿ ಗೆಳತಿಗೆ ಕೊಟ್ಟಾಗ ಎಕ್ಸ್‌ಪೈರಿ ದಿನಾಂಕ ಅವಳ ಪಾಲಿಗೆ ಹೋಗಿರುತ್ತದೆ, ಹೆಸರಿನ ಅರ್ಧ ಇಲ್ಲಿ ಉಳಿದಿರುತ್ತದೆ. ಔಷಧ ಕಂಪನಿಯ ರೆಪ್ ಡಾಕ್ಟರಿಗೆ ಕೊಟ್ಟ ಸ್ಯಾಂಪಲ್ ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂದಿರುತ್ತದೆ. ಜೊತೆಗೆ ಅರ್ಧ ಮುಗಿದ ಆಂಟಿಬಯೋಟಿಕ್, ಪರೀಕ್ಷೆ ಕಾಲದ ನಿದ್ದೆ ಮಾತ್ರೆ, ಮೊಡವೆಗೆ ಅಂತ ಹಚ್ಚುತ್ತಿದ್ದ ಒಂದು ಟ್ಯೂಬ್. ಇವುಗಳಲ್ಲಿ ಹೆಚ್ಚಿನವು ಡಾಕ್ಟರ್ ಬರೆದ ಚೀಟಿ ಇಲ್ಲದೆ ಕೈಗೆ ಬರಲೇಬಾರದಿತ್ತು.

ಹಾಗಾದರೆ ಚೀಟಿ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು? ನಮ್ಮ ಕಾನೂನಿನಲ್ಲಿ "ಇವನ್ನು ಚೀಟಿ ಇಲ್ಲದೆ ಕೊಳ್ಳಬಹುದು" ಅಂತ ಪ್ರತ್ಯೇಕ ಪಟ್ಟಿ ಇಲ್ಲ. ಇರುವುದು ಅದರ ಉಲ್ಟಾ. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಚ್, ಎಚ್1, ಎಕ್ಸ್ ಅಂತ ಪಟ್ಟಿಗಳಿವೆ. ಅವುಗಳಲ್ಲಿ ಹೆಸರಿದ್ದರೆ ನೋಂದಾಯಿತ ವೈದ್ಯರ ಚೀಟಿ ಬೇಕು. ಆಂಟಿಬಯೋಟಿಕ್‌ಗಳು ಈ ಪಟ್ಟಿಗಳಲ್ಲಿ ಬರುತ್ತವೆ. ಎಚ್1 ಜಾರಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗಳು, ಟಿಬಿ ಔಷಧಿಗಳು, ಆಲ್ಪ್ರಾಜೋಲಾಮ್‌ನಂಥ ನಿದ್ದೆ ಮಾತ್ರೆಗಳು ಇದರಲ್ಲಿವೆ. ಇವನ್ನು ಮಾರಿದರೆ ಅಂಗಡಿಯವರು ಚೀಟಿ ಬರೆದವರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2016ರಲ್ಲಿ ಕೇಂದ್ರ ಸರ್ಕಾರ ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರವನ್ನೂ ಮಾಡಿತು. ಕೆಂಪು ಗೆರೆ ಕಂಡರೆ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ ಅಂತ.

ಈ ಕೆಂಪು ಗೆರೆ ಆಸ್ಪತ್ರೆ ಗೇಟಿನ ಎದುರಿನ ಮೆಡಿಕಲ್ ಶಾಪಿನಲ್ಲಿ ಬಿಳಿ ಏಪ್ರನ್ ಮುಂದೆ ಮಾಯವಾಗುತ್ತದೆ. "ಅಣ್ಣಾ, ಅಜಿತ್ರೋ ಐನೂರು, ಒಂದು ಸ್ಟ್ರಿಪ್." ಅಂಗಡಿಯವರು ತಲೆ ಎತ್ತಿ ನೋಡುತ್ತಾರೆ, ಏಪ್ರನ್ ಕಾಣುತ್ತದೆ. "ಇನ್ನೇನಾದ್ರೂ ಬೇಕಾ ಡಾಕ್ಟ್ರೇ?" ಡಾಕ್ಟ್ರೇ ಅಂತ ಕರೆಸಿಕೊಂಡವರು ಇನ್ನೂ ಎರಡನೇ ವರ್ಷದಲ್ಲಿರಬಹುದು. ಕಾನೂನಿನ ಪ್ರಕಾರ ಚೀಟಿ ಬರೆಯುವ ಹಕ್ಕು ಅವರಿಗೆ ಇಲ್ಲ. ಕೊನೆಯ ಪರೀಕ್ಷೆ ಪಾಸಾಗಿ ಇಂಟರ್ನ್ ಆದವರಿಗೂ ಸಿಗುವುದು ತಾತ್ಕಾಲಿಕ ನೋಂದಣಿ ಮಾತ್ರ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ದಿನವೂ ಬರುವ ಗಿರಾಕಿ, ಮುಂದೆ ಚೀಟಿ ಬರೆದು ಕಳಿಸುವವರೂ ಇವರೇ. ಎದುರು ಮಾತಾಡುವುದು ಯಾರಿಗೆ ಬೇಕು?

ಈಗ ಮುಖ್ಯ ಪ್ರಶ್ನೆ. ಇಷ್ಟೆಲ್ಲ ಓದಿದವರು ಯಾಕೆ ಹೀಗೆ ಮಾಡುತ್ತಾರೆ? "ಗೊತ್ತಿಲ್ಲದೆ" ಅನ್ನುವ ಉತ್ತರ ಇಲ್ಲಿ ನಡೆಯುವುದಿಲ್ಲ. ನನ್ನ ಪ್ರಕಾರ ಗೊತ್ತಿರುವುದೇ ಇವರನ್ನು ಡಬ್ಬಿಯ ಹತ್ತಿರ ಕರೆದೊಯ್ಯುವುದು, ಅದರಲ್ಲೂ ಗೊತ್ತಾಗಿರುವ ಕ್ರಮ. ಎಂಬಿಬಿಎಸ್ ಎರಡನೇ ವರ್ಷದಲ್ಲಿ ಫಾರ್ಮಕಾಲಜಿ, ಅಂದರೆ ಔಷಧಿಗಳ ಪಾಠ, ಬರುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಹೀಗೆ: ಇಂಥ ಗುಂಪಿನ ಔಷಧಿಗಳನ್ನು ವಿಂಗಡಿಸಿ, ಹೇಗೆ ಕೆಲಸ ಮಾಡುತ್ತವೆ ಬರೆಯಿರಿ, ಉಪಯೋಗಗಳನ್ನು ತಿಳಿಸಿ. ಅಂದರೆ ಮೊದಲು ಮದ್ದು, ಆಮೇಲೆ ಕಾಯಿಲೆ. ಒಪಿಡಿಯಲ್ಲಿ ದಾರಿ ಪೂರ್ತಿ ತಿರುಗುಮುರುಗು. ಮೊದಲು ಎದುರಿಗೆ ಕೂತ ಮನುಷ್ಯ, ಅವರ ಮಾತು, ಆಮೇಲೆ ಕೈಯಿಟ್ಟು ಪರೀಕ್ಷೆ, ಬೇಕಾದರೆ ರಕ್ತ ಪರೀಕ್ಷೆ, ಏನಿರಬಹುದು ಅಂತ ಎರಡು ಮೂರು ಊಹೆ. ಮದ್ದು ಬರುವುದು ಎಲ್ಲ ಮುಗಿದ ಮೇಲೆ, ಚೀಟಿಯ ಕೊನೆಯಲ್ಲಿ. "ನಾಲ್ಕು ದಿನ ಬಿಟ್ಟು ಬಂದು ತೋರಿಸಿ" ಅನ್ನುವುದು ಅದಕ್ಕೂ ಕೆಳಗೆ. ತಮಗೆ ತಾವೇ ಮದ್ದು ಮಾಡಿಕೊಳ್ಳುವವರು ಈ ಮೆಟ್ಟಿಲುಗಳನ್ನೆಲ್ಲ ಹಾರಿ ಮದ್ದಿನ ಹೆಸರಿನ ಮೇಲೆ ಬಂದು ನಿಲ್ಲುತ್ತಾರೆ. ಮದ್ದಿನ ಹೆಸರು ಸರಿ ಇದ್ದರೂ ಇರಬಹುದು, ತಪ್ಪುವುದು ಅದಕ್ಕಿಂತ ಮೊದಲಿನದು ಮತ್ತು ಆಮೇಲಿನದು.

ಆಂಟಿಬಯೋಟಿಕ್ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಜ್ವರದ ರೋಗಿ ವಾರ್ಡಿಗೆ ಬಂದರೆ ಪಿಜಿಗಳು, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರುಗಳು, ಮೊದಲು ಹೇಳಿಕೊಡುವ ಪಾಠ: ಕಲ್ಚರ್‌ಗೆ ರಕ್ತ ಕಳಿಸಿ, ಆಮೇಲೆ ಆಂಟಿಬಯೋಟಿಕ್. ಕಲ್ಚರ್ ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಮೊದಲೇ ಮದ್ದು ಕೊಟ್ಟರೆ ಲ್ಯಾಬಿನಲ್ಲಿ ರೋಗಾಣು ಬೆಳೆಯದೇ ಇರಬಹುದು. ಆಗ ಅದು ಟೈಫಾಯ್ಡೋ ಬೇರೆಯೋ, ಯಾವ ಮದ್ದಿಗೆ ಬಗ್ಗುತ್ತದೆ ಅನ್ನುವುದು ತಿಳಿಯುವುದು ಕಷ್ಟ. ಬೆಳಿಗ್ಗೆ ವಾರ್ಡಿನಲ್ಲಿ ಇದನ್ನು ಬರೆದುಕೊಂಡವರೇ ಸಂಜೆ ಮೈ ಬೆಚ್ಚಗಾದರೆ ಡಬ್ಬಿಗೆ ಕೈ ಹಾಕುತ್ತಾರೆ. ಮೂರು ದಿನವಾದರೂ ಜ್ವರ ಬಿಡದೆ ಒಪಿಡಿಗೆ ಬಂದಾಗ ಅವರ ಕಲ್ಚರ್ ಆಗಲೇ ಕೆಟ್ಟಿರುತ್ತದೆ.

ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದ ಬರುವುದು. ಅದಕ್ಕೆ ಅಜಿತ್ರೋಮೈಸಿನ್ ಕೊಟ್ಟರೆ ಏನೂ ಪ್ರಯೋಜನವಾಗುವುದಿಲ್ಲ. ಆದರೆ ವೈರಸ್ ಜ್ವರ ಹೇಗೂ ಮೂರ್ನಾಲ್ಕು ದಿನಕ್ಕೆ ಇಳಿಯುತ್ತದೆ, ಮಾತ್ರೆಯ ಕೋರ್ಸೂ ಮೂರು ದಿನದ್ದು. ಹೆಸರು ಮಾತ್ರೆಗೆ ಬರುತ್ತದೆ. ಮುಂದಿನ ಸಲ ಗಂಟಲು ಕೆರೆದರೆ ಮತ್ತೆ ಅದೇ. ಈ ಅಜಿತ್ರೋಮೈಸಿನ್ ದೇಹದ ಅಂಗಾಂಶಗಳಲ್ಲಿ ತುಂಬಾ ಹೊತ್ತು ನಿಲ್ಲುವ ಮದ್ದು. ಅದರ ಅರ್ಧಾಯುಷ್ಯ, ಅಂದರೆ ಮೈಯಲ್ಲಿರುವ ಮದ್ದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 68 ಗಂಟೆ. ಕೊನೆಯ ಮಾತ್ರೆ ನುಂಗಿದ ಮೇಲೂ ದಿನಗಟ್ಟಲೆ ಸ್ವಲ್ಪ ಸ್ವಲ್ಪ ಉಳಿದಿರುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದನ್ನು ಎದುರಿಸುವುದನ್ನು ಕಲಿಯಲು ಅಷ್ಟು ಕಾಲಾವಕಾಶ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲು ಬಳಸಬಹುದಾದ ಗುಂಪಿನಲ್ಲಿವೆ. ಅಜಿತ್ರೋಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್ ಎಚ್ಚರಿಕೆಯಿಂದ ಬಳಸಬೇಕಾದ ಎರಡನೇ ಗುಂಪಿನಲ್ಲಿವೆ. ಹಾಸ್ಟೆಲಿನಲ್ಲಿ ಮೊದಲು ಕೈಗೆ ಸಿಗುವುದು ಈ ಎರಡನೇ ಗುಂಪು!

ಇದಕ್ಕಿಂತ ನನ್ನನ್ನು ಹೆದರಿಸುವುದು ಕೆಮ್ಮಿಗೆ ತೆಗೆದುಕೊಳ್ಳುವ ಲೆವೊಫ್ಲಾಕ್ಸಾಸಿನ್. ವಾರ್ಡಿನಲ್ಲಿ ಓಡಾಡುವ ವಿದ್ಯಾರ್ಥಿಗಳಿಗೆ ಟಿಬಿ ತಗಲುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಲೆವೊಫ್ಲಾಕ್ಸಾಸಿನ್ ಟಿಬಿ ರೋಗಾಣುವಿನ ಮೇಲೂ ಕೆಲಸ ಮಾಡುತ್ತದೆ, ಆದರೆ ಒಂಟಿಯಾಗಿ ಅದನ್ನು ಗುಣ ಮಾಡುವುದಿಲ್ಲ. ಏನಾಗುತ್ತದೆ ಅಂದರೆ ಕೆಮ್ಮು ಸ್ವಲ್ಪ ಇಳಿಯುತ್ತದೆ, ಜ್ವರ ಬಿಡುತ್ತದೆ, "ಸರಿ ಹೋಯ್ತು" ಅನಿಸುತ್ತದೆ. ಕೆಲವು ವಾರ ಕಳೆದು ಮತ್ತೆ ಶುರು. ಅಷ್ಟರಲ್ಲಿ ಕಾಯಿಲೆ ಪತ್ತೆಯಾಗುವುದು ತಡವಾಗಿರುತ್ತದೆ, ರೂಮ್‌ಮೇಟ್‌ಗೂ ಹರಡಿರಬಹುದು. ರೋಗಾಣು ಈ ಗುಂಪಿನ ಮದ್ದಿಗೆ ಬಗ್ಗದಂತೆ ಆಗಿರಲೂಬಹುದು. ಔಷಧಿಗೆ ಬಗ್ಗದ ಟಿಬಿಗೆ ಚಿಕಿತ್ಸೆ ಕೊಡುವಾಗ ಬೇಕಾಗುವುದು ಇದೇ ಗುಂಪಿನ ಮದ್ದು. ಎರಡು ವಾರ ಮೀರಿದ ಕೆಮ್ಮಿಗೆ ಟಿಬಿ ಪರೀಕ್ಷೆ ಮಾಡಿಸಿ ಅಂತ ಗೋಡೆ ಗೋಡೆಗೂ ಬರೆದಿರುವುದು ರೋಗಿಗಳಿಗೆ ಮಾತ್ರ ಅಲ್ಲ.

ನೋವಿನ ಮಾತ್ರೆಗಳ ಕಥೆ ಸರಳ. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಲೆಕ್ಕ ಹಾಕುವುದು ಯಾರು? ಜ್ವರಕ್ಕೆ 650ರ ಮಾತ್ರೆ ನಾಲ್ಕು ಸಲ, ಅದು 2600 ಮಿಲಿಗ್ರಾಂ. ಮೂಗು ಸೋರುವುದಕ್ಕೆ ನುಂಗುವ ನೆಗಡಿ ಮಾತ್ರೆಯಲ್ಲಿ ಸಾಮಾನ್ಯವಾಗಿ 500 ಪ್ಯಾರಾಸಿಟಮಾಲ್ ಸೇರಿರುತ್ತದೆ, ಮೂರು ಸಲ ಅಂದರೆ 1500. ಮೈಕೈ ನೋವಿಗೆ ಅಸಿಕ್ಲೊಫೆನಾಕ್ ಜೊತೆ ಬರುವ ಮಾತ್ರೆಯಲ್ಲಿ 325, ಎರಡು ಸಲಕ್ಕೆ 650. ಒಟ್ಟು 4750. ಬ್ರ್ಯಾಂಡ್ ಹೆಸರುಗಳು ಮೂರು, ಲಿವರಿಗೆ ಹೋಗಿ ಮುಟ್ಟುವುದು ಒಂದೇ ಮದ್ದು. ಇನ್ನು ಮಳೆಗಾಲದ ಜ್ವರದಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಟ್ಟಲೇಬಾರದು. ಅದು ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರ ಯಾವುದು ಅಂತ ತಿಳಿಯುವವರೆಗೆ ಪ್ಯಾರಾಸಿಟಮಾಲ್ ಒಂದೇ ಸಾಕು.

ಪರೀಕ್ಷೆ ಹತ್ತಿರ ಬಂದಾಗ ಡಬ್ಬಿಯಲ್ಲಿರುವ ಸಾಮಾನು ಬದಲಾಗುತ್ತದೆ. ಮೊದಲು ಬರುವುದು ವೈವಾಕ್ಕೆ (ಬಾಯಿ ಪರೀಕ್ಷೆಗೆ) ಮುಂಚೆ ಕೈ ನಡುಗದಿರಲಿ ಅಂತ ನುಂಗುವ ಪ್ರೊಪ್ರನೊಲಾಲ್. ಎದೆಬಡಿತ ಇಳಿಯುತ್ತದೆ, ಕೈ ನಡುಕ ನಿಲ್ಲುತ್ತದೆ, ಹೊರಗಿನಿಂದ ಬಂದ ಪರೀಕ್ಷಕರ ಎದುರು ಧೈರ್ಯವಾಗಿ ಕೂರಬಹುದು. ಸೀನಿಯರ್ ಇದನ್ನು ಜೂನಿಯರಿಗೆ ಆಶೀರ್ವಾದದ ಹಾಗೆ ಕೊಡುತ್ತಾರೆ. ಆದರೆ ಈ ಮದ್ದು ಹೃದಯದ ಮೇಲಷ್ಟೇ ಕೆಲಸ ಮಾಡುವುದಿಲ್ಲ. ಶ್ವಾಸನಾಳಗಳನ್ನು ಅಗಲವಾಗಿ ಇಡುವ ಬೀಟಾ-2 ರಿಸೆಪ್ಟರ್‌ಗಳನ್ನೂ (ಮದ್ದು ಬಂದು ಅಂಟಿಕೊಳ್ಳುವ ಜಾಗಗಳನ್ನೂ) ತಡೆಯುತ್ತದೆ. ಆಸ್ತಮಾ ಇರುವವರು ನುಂಗಿದರೆ ಉಸಿರುನಾಳ ಬಿಗಿದುಕೊಂಡು ಪ್ರಾಣಕ್ಕೇ ಬರಬಹುದು. ಆಗ ಜೇಬಿನಲ್ಲಿರುವ ಇನ್ಹೇಲರ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದು ಕೆಲಸ ಮಾಡಬೇಕಾದದ್ದು ಅದೇ ರಿಸೆಪ್ಟರ್‌ಗಳ ಮೇಲೆ. ಈ ವಿಷಯ ವೈವಾದಲ್ಲಿ ಕೇಳುವ ನೆಚ್ಚಿನ ಪ್ರಶ್ನೆ. ಉತ್ತರ ಎಲ್ಲರಿಗೂ ಬರುತ್ತದೆ. ಮಾತ್ರೆ ಕೊಡುವಾಗ "ನಿಂಗೆ ವೀಜಿಂಗ್ ಇದ್ಯಾ?" ಅಂತ ಕೇಳುವುದು ಮಾತ್ರ ಮರೆತುಹೋಗುತ್ತದೆ.

ಎರಡನೆಯದು ನಿದ್ದೆ ಬಾರದಿರಲಿ ಅಂತ ನುಂಗುವ ಮೊಡಾಫಿನಿಲ್. ಹಗಲಿನಲ್ಲೇ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ಅನ್ನುವ ಕಾಯಿಲೆಗೆ ಬಳಸುವ ಮದ್ದು ಅದು. ಅರ್ಧಾಯುಷ್ಯ 12ರಿಂದ 15 ಗಂಟೆ. ರಾತ್ರಿ ಹತ್ತಕ್ಕೆ ನುಂಗಿದರೆ ಮರುದಿನ ಬೆಳಿಗ್ಗೆ ಹತ್ತಕ್ಕೂ ಅರ್ಧದಷ್ಟು ರಕ್ತದಲ್ಲಿ ಇರುತ್ತದೆ. ಹಾಗಾಗಿ ಪರೀಕ್ಷೆ ಬರೆದು ಬಂದ ಮೇಲೂ ಕಣ್ಣು ಮುಚ್ಚುವುದಿಲ್ಲ. ತಲೆನೋವು, ಆತಂಕ ಬೇರೆ. ಅಪರೂಪಕ್ಕೆ ಮೈಮೇಲೆ ಅಪಾಯಕಾರಿ ಗುಳ್ಳೆ ಏಳುವುದೂ ಉಂಟು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ಇದನ್ನು ಹಾಸ್ಟೆಲಿನಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ.

ನಿದ್ದೆ ಕೆಟ್ಟ ಮೇಲೆ ಮೂರನೆಯದು ಬರುತ್ತದೆ: ಆಲ್ಪ್ರಾಜೋಲಾಮ್. ಒಂದು ಮಾತ್ರೆ ಎಬ್ಬಿಸಲು, ಇನ್ನೊಂದು ಮಲಗಿಸಲು. ಈ ಗುಂಪಿನ ಮಾತ್ರೆಗಳಿಗೆ ಹೊಸ ನೆನಪು ಅಚ್ಚಾಗುವುದನ್ನು ತಡೆಯುವ ಗುಣವಿದೆ. ಆಪರೇಷನ್‌ಗೆ ಮುಂಚೆ ಇದೇ ಗುಂಪಿನ ಮದ್ದು ಕೊಡುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ರೋಗಿಗೆ ಆ ಹೊತ್ತಿನ ಗಾಬರಿ ನೆನಪಿರುವುದಿಲ್ಲ. ಓದಿದ್ದು ನೆನಪಿರಲಿ ಅಂತ ಒದ್ದಾಡುವವರು ಇದನ್ನು ನುಂಗಿದರೆ ಹೇಗೆ? ವಾರಗಟ್ಟಲೆ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ತಟ್ಟನೆ ಬಿಟ್ಟರೆ ಚಡಪಡಿಕೆ, ನಿದ್ದೆಗೇಡು, ಕೆಲವೊಮ್ಮೆ ಫಿಟ್ಸ್ ಕೂಡ. ಬಿಡುವುದಾದರೆ ಡಾಕ್ಟರ್ ನೋಡಿಕೊಂಡು ನಿಧಾನವಾಗಿ ಬಿಡಿಸಬೇಕು.

ಇಷ್ಟೆಲ್ಲ ಇದ್ದರೂ ನೂರು ಹೆಜ್ಜೆ ದೂರದ ಒಪಿಡಿಗೆ ಹೋಗಲು ಏನು ಕಷ್ಟ? ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಮೊದಲನೆಯದು ಹಾಜರಿ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಇರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಒಪಿಡಿ ನಡೆಯುವುದೂ ಬೆಳಿಗ್ಗೆ, ವಾರ್ಡಿನಲ್ಲಿ ಕಲಿಯುವ ಪೋಸ್ಟಿಂಗ್ ಇರುವುದೂ ಬೆಳಿಗ್ಗೆ. ಸಾಲಿನಲ್ಲಿ ನಿಂತರೆ ಹಾಜರಿ ಹೋಯಿತು, ಸಾಲು ಬಿಟ್ಟು ಒಳಗೆ ನುಗ್ಗಿದರೆ ಕಾಯುತ್ತಾ ಕೂತ ರೋಗಿಗಳ ಕಣ್ಣು.

ಅದನ್ನೂ ಸುಧಾರಿಸಬಹುದು. ಸುಧಾರಿಸಲಾಗದ್ದು ನಾಚಿಕೆ. ಒಳಗೆ ಕೂತಿರುವ ಡಾಕ್ಟರೇ ಮುಂದಿನ ತಿಂಗಳು ವೈವಾ ತೆಗೆದುಕೊಳ್ಳುವ ಮೇಡಂ. ಪಕ್ಕದಲ್ಲಿ ನಿಂತು ಕೇಸ್ ಬರೆಯುವವರು ನಿಮ್ಮದೇ ಬ್ಯಾಚ್‌ನವರು. ಮುಟ್ಟಿನ ತೊಂದರೆ, ಮೂತ್ರದ ಉರಿ, ಮೂಲವ್ಯಾಧಿ ಇಂಥದ್ದನ್ನು ಹೇಳಿಕೊಳ್ಳುವುದು ಯಾರ ಮುಂದೆ? ಹುಡುಗಿಯೊಬ್ಬಳು ಸ್ತ್ರೀರೋಗ ವಿಭಾಗದಿಂದ ಹೊರಗೆ ಬಂದರೆ ಸಂಜೆಗೆ ಹಾಸ್ಟೆಲಿನಲ್ಲಿ ನಾಲ್ಕು ಕಥೆ ಹುಟ್ಟಿರುತ್ತವೆ. ಮನೋವೈದ್ಯರ ವಿಭಾಗ ಇನ್ನೂ ಕಷ್ಟ. ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ್ದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8 ಜನ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂದಿದ್ದಾರೆ. ನೂರು ಜನರ ಕ್ಲಾಸಿನಲ್ಲಿ ಇಪ್ಪತ್ತೇಳು ಇಪ್ಪತ್ತೆಂಟು ಜನ. ಅದೇ ವಿಭಾಗದಲ್ಲಿ ಬ್ಯಾಚ್‌ಮೇಟ್‌ಗಳ ಪೋಸ್ಟಿಂಗ್ ನಡೆಯುತ್ತಿರುವಾಗ ಫೈಲ್ ಮಾಡಿಸಲು ಯಾರು ಹೋಗುತ್ತಾರೆ? ಗೂಗಲ್ ನೋಡಿ ಒಂದು ಮಾತ್ರೆ ಆರಿಸಿಕೊಳ್ಳುವುದು ಸುಲಭ ಅನಿಸುತ್ತದೆ.

ಇದೇ ನಾಚಿಕೆ ಸೂಜಿ ಚುಚ್ಚಿಕೊಂಡಾಗಲೂ ಕಾಡುತ್ತದೆ. ಇಂಟರ್ನ್ ಒಬ್ಬರು ರಕ್ತ ತೆಗೆಯುವಾಗ ಬೆರಳಿಗೆ ಸೂಜಿ ಚುಚ್ಚಿಕೊಂಡರು ಅನ್ನಿ. ಹೇಳಿದರೆ ಬೈಗುಳ, ಹೇಳದಿದ್ದರೆ ಭಯ. ಸ್ಪಿರಿಟ್ ಹಚ್ಚಿ, ಗುಟ್ಟಾಗಿ ಯಾವುದೋ ಮಾತ್ರೆ ಹುಡುಕುವುದು ಇಲ್ಲಿ ಅತಿ ದೊಡ್ಡ ತಪ್ಪು. ಸೋಪು ನೀರಿನಲ್ಲಿ ತೊಳೆದು ಕೂಡಲೇ ಹೇಳಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಎರಡು ಗಂಟೆಯೊಳಗಾದರೆ ಉತ್ತಮ. 72 ಗಂಟೆ ಮೀರಿದರೆ ಶುರು ಮಾಡಿ ಪ್ರಯೋಜನವಿಲ್ಲ. ಕೋರ್ಸ್ 28 ದಿನ. ರೋಗಿಯ ರಕ್ತ ಪರೀಕ್ಷೆ, ಹೆಪಟೈಟಿಸ್-ಬಿ ಲಸಿಕೆ ಆಗಿದೆಯಾ ಅನ್ನುವುದು, ಎಲ್ಲ ಸೇರಿ ತೀರ್ಮಾನ ಆಗಬೇಕು. ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ ಇದು.

ಈ ಅಭ್ಯಾಸ ಹಾಸ್ಟೆಲ್ ಗೇಟಿನಲ್ಲಿ ನಿಲ್ಲುವುದೂ ಇಲ್ಲ. ಸೀಟು ಸಿಕ್ಕ ದಿನದಿಂದಲೇ ಊರಿನ ಪಾಲಿಗೆ ಇವರು ಡಾಕ್ಟರ್. ಚಿಕ್ಕಮ್ಮ ಫೋನ್ ಮಾಡುತ್ತಾರೆ: "ಪುಟ್ಟಾ, ನಿಮ್ಮ ಚಿಕ್ಕಪ್ಪಂಗೆ ತೊಡೆಸಂದಿಲಿ ತುರಿಕೆ ಕಣೋ, ಫೋಟೋ ಹಾಕಿದೀನಿ, ಏನ್ ಹಚ್ಚೋದು?" ಪುಟ್ಟ ಒಂದು ಕ್ರೀಮಿನ ಹೆಸರು ಟೈಪ್ ಮಾಡುತ್ತಾನೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಮನೆಯಲ್ಲೆಲ್ಲ ಹೊಗಳಿಕೆ. ಒಳಗಿರುವುದು ಹುಳುಕಡ್ಡಿಯಾದರೆ ಅದು ಕೆಂಪು ಮರೆಸಿಕೊಂಡು ಸುತ್ತಲೂ ಹಬ್ಬುತ್ತದೆ. ಆಮೇಲೆ ಚರ್ಮದ ಡಾಕ್ಟರಿಗೂ ಅದು ಏನು ಅಂತ ತಕ್ಷಣ ಗುರುತು ಸಿಗುವುದಿಲ್ಲ. ಇಂಥ ಹಾವಳಿ ಕಂಡೇ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದು. ಚಿಕ್ಕಮ್ಮನಿಗೆ "ನಂಗೆ ಗೊತ್ತಾಗ್ತಿಲ್ಲ, ತೋರಿಸ್ಕೊಂಡು ಬನ್ನಿ" ಅನ್ನಲು ಎರಡನೇ ವರ್ಷದ ಹುಡುಗನಿಗೆ ಭಾರಿ ಕಷ್ಟ. ಅಷ್ಟು ದುಡ್ಡು ಕೊಟ್ಟು ಓದಿಸಿದ್ದು ಯಾಕೆ ಅಂತ ಕೇಳಿಯಾರು!

ವಿದ್ಯಾರ್ಥಿಗಳಿಗೆ ಇನ್ನೊಂದು ಸಲ ಪಾಠ ಮಾಡಿದರೆ ಇದು ಸರಿಹೋಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಪಾಠ ಆಗಲೇ ಆಗಿದೆ. ಕಾಲೇಜುಗಳು ಮಾಡಬಹುದಾದ ಕೆಲಸ ಬೇರೆ. ಸಂಜೆ ಒಂದು ಗಂಟೆ ವಿದ್ಯಾರ್ಥಿಗಳಿಗೇ ಅಂತ ಒಂದು ಕ್ಲಿನಿಕ್ ತೆರೆಯಬಹುದು. ಅಲ್ಲಿ ಕೂರುವವರು ಪರೀಕ್ಷಕರಾಗಿರಬಾರದು, ಅಲ್ಲಿನ ಫೈಲ್ ಪೋಸ್ಟಿಂಗ್‌ನಲ್ಲಿರುವ ಬ್ಯಾಚ್‌ಮೇಟ್ ಕಣ್ಣಿಗೆ ಬೀಳಬಾರದು. ಮನೋವೈದ್ಯರ ವಿಷಯದಲ್ಲಿ ಕಾಲೇಜಿನ ಹೊರಗಿನವರನ್ನು ಗೊತ್ತು ಮಾಡಿದರೆ ಇನ್ನೂ ವಾಸಿ. ಕಾಯಿಲೆಯ ದಿನ ಹಾಜರಿ ಕಡಿಯದಿದ್ದರೆ ಅರ್ಧ ಕೆಲಸ ಆದಂತೆ.

ಅಲ್ಲಿಯವರೆಗೆ ಡಬ್ಬಿಯಲ್ಲಿ ಏನಿರಬಹುದು? ಪ್ಯಾರಾಸಿಟಮಾಲ್, ಓಆರ್‌ಎಸ್, ಬ್ಯಾಂಡೇಜು, ಥರ್ಮಾಮೀಟರ್. ಎದೆಯುರಿಗೆ ಒಂದೆರಡು ಸಲ ಆಂಟಾಸಿಡ್ ಕುಡಿಯಬಹುದು. ಆದರೆ ಪ್ಯಾಂಟೊಪ್ರಜೋಲ್ ದಿನಾ ಬೇಕಾಗುತ್ತಿದೆ ಅಂದರೆ ತೋರಿಸಿಕೊಳ್ಳಲೇಬೇಕು. ವರ್ಷಗಟ್ಟಲೆ ನುಂಗಿದರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ತಟ್ಟನೆ ನಿಲ್ಲಿಸಿದರೆ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕಬಹುದು. ಮೂರು ದಿನಕ್ಕೆ ಇಳಿಯದ ಜ್ವರ, ಭೇದಿಯಲ್ಲಿ ರಕ್ತ, ಎದೆನೋವು, ಉಸಿರು ಕಟ್ಟುವುದು, ಬದುಕು ಸಾಕು ಅನಿಸುವುದು, ಇವಕ್ಕೆ ಡಬ್ಬಿಯ ಕಡೆ ನೋಡುವುದೇ ಬೇಡ. ಕೊನೆಯದಕ್ಕೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.

ನುಂಗಿದ ಮದ್ದಿನಿಂದ ಮೈಮೇಲೆ ಗುಳ್ಳೆಯೋ ಬೇರೆ ತೊಂದರೆಯೋ ಆಯಿತು ಅಂದರೆ ಅದನ್ನೂ ಮುಚ್ಚಿಡಬೇಕಾಗಿಲ್ಲ. ಹಲವು ಮೆಡಿಕಲ್ ಕಾಲೇಜುಗಳ ಫಾರ್ಮಕಾಲಜಿ ವಿಭಾಗದಲ್ಲೇ ಔಷಧಿಯ ಅಡ್ಡಪರಿಣಾಮ ದಾಖಲಿಸುವ ಕೇಂದ್ರವಿದೆ. 1800-180-3024 ಅನ್ನುವ ಉಚಿತ ನಂಬರಿಗೆ ರೋಗಿಯೇ ನೇರವಾಗಿ ಫೋನ್ ಮಾಡಿಯೂ ತಿಳಿಸಬಹುದು. ರೋಗಿ ಯಾರು ಅನ್ನುವುದನ್ನು ಗುಟ್ಟಾಗಿ ಇಡುತ್ತಾರೆ.